ಬೂಟಿನ ದುಡ್ಡಲ್ಲಿ ಬೆಳೆದ ಕ್ಲಬ್: ರಶ್‌ಡನ್ ಅಂಡ್ ಡೈಮಂಡ್ಸ್‌ನ 19 ವರ್ಷ

2003ರ ಮೇ 3, ಶನಿವಾರ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಇರ್ತ್ಲಿಂಗ್‌ಬರೊ ಎಂಬ ಪುಟ್ಟ ಊರಿನ ನೆನ್ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಸೀಸನ್ನಿನ ಕೊನೆಯ ಪಂದ್ಯ ನಡೆಯಿತು. ಒಂದು ಕಡೆ ರಶ್‌ಡನ್ ಅಂಡ್ ಡೈಮಂಡ್ಸ್, ಇನ್ನೊಂದು ಕಡೆ ಹಾರ್ಟ್ಲ್‌ಪೂಲ್. ಅಂಕಪಟ್ಟಿಯಲ್ಲಿ ಇವೆರಡೇ ಮೊದಲ ಮತ್ತು ಎರಡನೇ ಸ್ಥಾನದ ತಂಡಗಳು, ನಡುವೆ ಇದ್ದದ್ದು ಎರಡೇ ಅಂಕಗಳ ಅಂತರ. ರಶ್‌ಡನ್‌ಗೆ ಡ್ರಾ ಆದರೂ ಸಾಕಿತ್ತು. ಪಂದ್ಯ 1–1ರಲ್ಲಿ ಮುಗಿಯಿತು, 87 ಅಂಕಗಳೊಂದಿಗೆ ಪಟ್ಟ ರಶ್‌ಡನ್‌ಗೆ ಸಿಕ್ಕಿತು. ಹನ್ನೊಂದು ವರ್ಷಗಳ ಹಿಂದೆ ಹುಟ್ಟೇ ಇರದಿದ್ದ ಕ್ಲಬ್ಬು ಇಂಗ್ಲಿಷ್ ಫುಟ್‌ಬಾಲಿನ ಮೂರನೇ ಹಂತಕ್ಕೆ ಏರಿತ್ತು.

ಇದಕ್ಕೆ ಸುಮಾರು ಒಂದು ತಿಂಗಳ ಮುಂಚೆ, ಏಪ್ರಿಲ್ 1ರಂದು, ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಡಾ. ಮಾರ್ಟೆನ್ಸ್ ಬೂಟುಗಳ ತಯಾರಿಕೆ ಬ್ರಿಟನ್ನಿನಲ್ಲಿ ನಿಂತು, ಪೂರ್ತಿ ಚೀನಾ ಮತ್ತು ಥಾಯ್ಲೆಂಡಿಗೆ ಹೋಯಿತು. ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಕ್ಲಬ್ಬನ್ನು ಅಷ್ಟು ಮೇಲಕ್ಕೆ ಒಯ್ದದ್ದು ಆ ಬೂಟಿನ ದುಡ್ಡೇ. ಎಂಟು ವರ್ಷ ಕಳೆಯುವಷ್ಟರಲ್ಲಿ ಕ್ಲಬ್ಬೇ ಇರಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಶ್ರೀಮಂತನೊಬ್ಬ ದುಡ್ಡು ಸುರಿದ, ದುಡ್ಡು ನಿಂತಿತು, ಕ್ಲಬ್ಬು ಮುಳುಗಿತು. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೆ ಬಿಟ್ಟರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ದುಡ್ಡು ನಿಂತ ಮೇಲೂ ಕ್ಲಬ್ಬು ಆರು ವರ್ಷ ಬದುಕಿತ್ತು. ಕೊಟ್ಟವನು ಸಾಲ ಹೊರಿಸಿ ಓಡಿಹೋದವನೂ ಅಲ್ಲ. ಹಾಗಿದ್ದರೆ ಅದು ಯಾಕೆ ಉಳಿಯಲಿಲ್ಲ? ಉತ್ತರ ಹುಡುಕಬೇಕಾದರೆ ಇಂಗ್ಲೆಂಡಿನ ಲೀಗ್ ವ್ಯವಸ್ಥೆಯನ್ನೂ ಬೂಟಿನ ವ್ಯಾಪಾರವನ್ನೂ ಒಟ್ಟಿಗೇ ನೋಡಬೇಕು.

ಮೊದಲು ಲೀಗ್. ಐಪಿಎಲ್ ನೋಡಿ ಅಭ್ಯಾಸವಾದವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಮುಂದಿನ ವರ್ಷವೂ ಅದೇ ಲೀಗಿನಲ್ಲಿ ಆಡುತ್ತದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ತುದಿಯಲ್ಲಿ 20 ಕ್ಲಬ್ಬುಗಳ ಪ್ರೀಮಿಯರ್ ಲೀಗ್, ಅದರ ಕೆಳಗೆ 24 ಕ್ಲಬ್ಬುಗಳ ಮೂರು ಹಂತಗಳು. ಒಟ್ಟು 92. ಇಷ್ಟು ‘ಲೀಗ್ ಕ್ಲಬ್ಬುಗಳು’. ಅದರ ಕೆಳಗಿನದ್ದನ್ನೆಲ್ಲ ಅಲ್ಲಿನ ಜನ ‘ನಾನ್-ಲೀಗ್’ ಎನ್ನುತ್ತಾರೆ, ಅದೂ ಲೀಗುಗಳಿಂದಲೇ ತುಂಬಿದ್ದರೂ. ಐದನೇ ಹಂತ ಕಾನ್ಫರೆನ್ಸ್ (ಈಗ ನ್ಯಾಷನಲ್ ಲೀಗ್). ಅದರ ಕೆಳಗೆ ಸದರ್ನ್ ಲೀಗ್‌ನಂಥ ಪ್ರಾದೇಶಿಕ ಲೀಗುಗಳು, ಇನ್ನೂ ಕೆಳಗೆ ಒಂದೆರಡು ಕೌಂಟಿಗಳಿಗೆ ಸೀಮಿತವಾದವು, ಕೊನೆಗೆ ಊರಿನ ಪಾರ್ಕಿನಲ್ಲಿ ಆಡುವವರು. ಪ್ರತಿ ವರ್ಷ ಮೇಲೆ ನಿಂತವರಿಗೆ ಬಡ್ತಿ, ಕೆಳಗೆ ಉಳಿದವರಿಗೆ ಹಿಂಬಡ್ತಿ. ಕಾಗದದ ಮೇಲೆ, ಪಾರ್ಕಿನ ತಂಡವೂ ಒಂದು ದಿನ ಪ್ರೀಮಿಯರ್ ಲೀಗ್ ಮುಟ್ಟಬಹುದು.

ಕಾಗದದ ಮೇಲೆ ಮಾತ್ರ. 1987ರ ತನಕ ನಾಲ್ಕನೇ ಮತ್ತು ಐದನೇ ಹಂತದ ನಡುವೆ ಬಾಗಿಲೇ ಇರಲಿಲ್ಲ. ನಾಲ್ಕನೇ ಹಂತದ ಕೊನೆಯ ನಾಲ್ಕು ಕ್ಲಬ್ಬುಗಳು ತಮ್ಮನ್ನು ಉಳಿಸಿಕೊಳ್ಳಿ ಎಂದು ಅರ್ಜಿ ಹಾಕುತ್ತಿದ್ದವು, ಉಳಿದ ಕ್ಲಬ್ಬುಗಳು ಮತ ಹಾಕುತ್ತಿದ್ದವು. ನಾಳೆ ತಾವೂ ಅದೇ ಸಾಲಿನಲ್ಲಿ ನಿಲ್ಲಬೇಕಾಗಬಹುದು ಎಂದು ಗೊತ್ತಿದ್ದವರು ಹಳೆಯ ಗೆಳೆಯರನ್ನು ಹೊರಗೆ ಹಾಕುವುದು ಅಪರೂಪವಾಗಿತ್ತು. 1987ರಲ್ಲಿ ಆ ಕೂಟದ ಬಾಗಿಲು ಅರ್ಧ ತೆರೆಯಿತು: ಕಾನ್ಫರೆನ್ಸ್ ಗೆದ್ದ ಒಂದೇ ಒಂದು ಕ್ಲಬ್ಬಿಗೆ ನೇರ ಬಡ್ತಿ. ಮೊದಲು ಒಳಗೆ ಬಂದದ್ದು ಸ್ಕಾರ್‌ಬರೊ, ಹೊರಗೆ ಬಿದ್ದದ್ದು ಲಿಂಕನ್ ಸಿಟಿ.

ಆದರೆ ಅದಕ್ಕೂ ಒಂದು ಷರತ್ತಿತ್ತು. ಗೆದ್ದರೆ ಸಾಲದು, ಮೈದಾನವೂ ಲೀಗಿನ ಅಳತೆಗೆ ತಕ್ಕಂತೆ ಇರಬೇಕು. ಎಷ್ಟು ಜನ ಹಿಡಿಸುತ್ತಾರೆ, ಎಷ್ಟು ಆಸನ, ಎಂಥ ದೀಪ, ಎಷ್ಟು ಗೇಟು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್, ಹೀಗೆ ಸಾಲಾಗಿ ಮೂರು ವರ್ಷ ಕಾನ್ಫರೆನ್ಸ್ ಗೆದ್ದ ಕ್ಲಬ್ಬುಗಳು ಮೈದಾನದ ಕಾರಣಕ್ಕೆ ಬಡ್ತಿ ಇಲ್ಲದೆ ಅಲ್ಲೇ ಉಳಿದವು. ಆಟಗಾರರು ಒಂಬತ್ತು ತಿಂಗಳು ಬೆವರು ಸುರಿಸಿ ಗೆದ್ದದ್ದನ್ನು ಅಳತೆಪಟ್ಟಿ ಕಿತ್ತುಕೊಂಡಿತು ಅನ್ನಿ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ರಶ್‌ಡನ್ ಕಥೆಯಲ್ಲಿ ಸ್ಟೇಡಿಯಂ ತಂಡಕ್ಕಿಂತ ಮೊದಲು ದೊಡ್ಡದಾದದ್ದು ಇದೇ ಕಾರಣಕ್ಕೆ.

ಈಗ ಊರಿಗೆ ಬರೋಣ. ನೆನ್ ನದಿಯ ಕಣಿವೆಯಲ್ಲಿ ಸಾಲಾಗಿ ಸಣ್ಣ ಊರುಗಳಿವೆ: ರಶ್‌ಡನ್, ಹೈಯಮ್ ಫೆರರ್ಸ್, ಇರ್ತ್ಲಿಂಗ್‌ಬರೊ, ರಾಂಡ್ಸ್, ವೊಲಸ್ಟನ್. ನೂರು ವರ್ಷಕ್ಕೂ ಮೇಲ್ಪಟ್ಟು ಇವೆಲ್ಲ ಬದುಕಿದ್ದು ಶೂ ಹೊಲಿದು. ಸೈನ್ಯಕ್ಕೆ ಬೂಟು ಬೇಕಾದಾಗಲೆಲ್ಲ ಇಲ್ಲಿಗೇ ಆರ್ಡರು ಬರುತ್ತಿತ್ತು. 1905ರಲ್ಲಿ ರಾಂಡ್ಸಿನ ಬೂಟು ಕೆಲಸಗಾರರು ಸೈನ್ಯದ ಬೂಟಿಗೆ ಸಿಗುತ್ತಿದ್ದ ಕಡಿಮೆ ಕೂಲಿಯ ವಿರುದ್ಧ ಲಂಡನ್ನಿನವರೆಗೂ ನಡೆದುಕೊಂಡು ಹೋಗಿದ್ದರು. ಜನಸಂಖ್ಯೆ ಹೇಳಬೇಕೆಂದರೆ, ಇವುಗಳಲ್ಲಿ ದೊಡ್ಡದಾದ ರಶ್‌ಡನ್‌ನಲ್ಲಿ ಸುಮಾರು 30 ಸಾವಿರ ಜನ. ಇರ್ತ್ಲಿಂಗ್‌ಬರೊದಲ್ಲಿ ಹತ್ತು ಸಾವಿರವೂ ಇಲ್ಲ.

ವೊಲಸ್ಟನ್ನಿನ ಗ್ರಿಗ್ಸ್ ಮನೆತನವೂ ಇಂಥದ್ದೇ ಬೂಟು ಮಾಡುವ ಮನೆತನ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯ ವೈದ್ಯ ಕ್ಲಾಸ್ ಮಾರ್ಟೆನ್ಸ್ ತನ್ನ ಪೆಟ್ಟಾದ ಪಾದಕ್ಕೆಂದು ಗಾಳಿಯ ಮೆತ್ತೆಯಿರುವ ಅಟ್ಟೆಯೊಂದನ್ನು ರೂಪಿಸಿದ್ದ. ಅದನ್ನು ಬ್ರಿಟನ್ನಿನಲ್ಲಿ ತಯಾರಿಸುವ ಹಕ್ಕನ್ನು ಗ್ರಿಗ್ಸ್ ಕಂಪನಿ ಪಡೆಯಿತು. ಎಂಟು ಕಣ್ಣಿನ ಲೇಸು, ಅಂಚಿಗೆ ಎದ್ದು ಕಾಣುವ ಹಳದಿ ದಾರದ ಹೊಲಿಗೆ, ಕಡುಗೆಂಪು ಚರ್ಮ: ಮೊದಲ ಜೋಡಿ ಹೊರಬಂದದ್ದು 1960ರ ಏಪ್ರಿಲ್ 1ರಂದು. ಆ ತಾರೀಖನ್ನೇ ಮಾದರಿಯ ಹೆಸರಾಗಿಟ್ಟರು, 1460. ಚರ್ಮದ ಮೇಲ್ಭಾಗವನ್ನು ಸುತ್ತಲಿನ ಪಟ್ಟಿಗೆ ಹೊಲಿದು, ಆ ಪಟ್ಟಿಯನ್ನೂ ಅಟ್ಟೆಯನ್ನೂ ಕಾದ ಬ್ಲೇಡಿನಿಂದ ಕರಗಿಸಿ ಅಂಟಿಸುವುದು ಅದರ ಗುಟ್ಟು. ಅದಕ್ಕೇ ಅಟ್ಟೆ ಬೇಗ ಕಿತ್ತುಬರುವುದಿಲ್ಲ. ಮೊದಲು ತೊಟ್ಟವರು ಅಂಚೆಯವರು, ಕಾರ್ಖಾನೆ ಕೆಲಸದವರು. ಆಮೇಲೆ ಪಂಕ್ ಹುಡುಗರು, ಸಂಗೀತಗಾರರು, ಕಾಲೇಜು ಹುಡುಗಿಯರು. ತೊಂಬತ್ತರ ದಶಕದ ಹೊತ್ತಿಗೆ ಪ್ರಪಂಚದ ಉದ್ದಗಲಕ್ಕೂ ಅದು ಫ್ಯಾಷನ್. ಗ್ರಿಗ್ಸ್ ಮನೆತನದ ಕೈಗೆ, ನೆನ್ ಕಣಿವೆಯ ಯಾವ ಬೂಟು ತಯಾರಕರೂ ಹಿಂದೆ ಕಾಣದಷ್ಟು ದುಡ್ಡು ಬಂತು.

ಕಂಪನಿಯ ಒಡೆಯ ಮ್ಯಾಕ್ಸ್ ಗ್ರಿಗ್ಸ್‌ಗೆ ಊರಿನ ಫುಟ್‌ಬಾಲ್ ಮೇಲೆ ಮನಸ್ಸಾಯಿತು. ಆಗ ಅಕ್ಕಪಕ್ಕದಲ್ಲಿ ಎರಡು ಸಣ್ಣ ಕ್ಲಬ್ಬುಗಳಿದ್ದವು. 1889ರಲ್ಲಿ ಹುಟ್ಟಿದ ರಶ್‌ಡನ್ ಟೌನ್ ಸದರ್ನ್ ಲೀಗಿನಲ್ಲಿ ಆಡುತ್ತಿತ್ತು, ಆದರೆ ಅದರ ಹೇಡನ್ ರೋಡ್ ಮೈದಾನ ಅಳತೆಗೆ ಸಾಲದಾಗಿತ್ತು. 1946ರಲ್ಲಿ ಹುಟ್ಟಿದ ಇರ್ತ್ಲಿಂಗ್‌ಬರೊ ಡೈಮಂಡ್ಸ್ ಆಡುತ್ತಿದ್ದದ್ದು ಇನ್ನೂ ಕೆಳಗಿನ ಯುನೈಟೆಡ್ ಕೌಂಟೀಸ್ ಲೀಗಿನಲ್ಲಿ, ಆದರೆ ಅದಕ್ಕೆ ನದಿಯ ಪಕ್ಕದಲ್ಲಿ ಬೆಳೆಯಲು ಜಾಗವಿರುವ ಮೈದಾನವಿತ್ತು. ಒಬ್ಬರ ಹತ್ತಿರ ಲೀಗಿನ ಸ್ಥಾನ, ಇನ್ನೊಬ್ಬರ ಹತ್ತಿರ ನೆಲ. 1992ರಲ್ಲಿ ಎರಡನ್ನೂ ಕೂಡಿಸಿ ಒಂದು ಕ್ಲಬ್ಬು ಮಾಡಿದರು. ಹೆಸರನ್ನೂ ಅರ್ಧ ಅರ್ಧ ಹಂಚಿಕೊಂಡರು.

ಕ್ಲಬ್ಬುಗಳ ವಿಲೀನ ಎಂದರೆ ಇಂಗ್ಲೆಂಡಿನಲ್ಲಿ ಸುಲಭಕ್ಕೆ ಜೀರ್ಣವಾಗುವ ಮಾತಲ್ಲ. ಅಪ್ಪ, ಅಜ್ಜ ನಿಂತು ನೋಡಿದ ಮೈದಾನ, ಅವರು ಕಟ್ಟಿಕೊಂಡಿದ್ದ ಮಫ್ಲರಿನ ಬಣ್ಣ, ಇದನ್ನೆಲ್ಲ ಬಿಟ್ಟುಕೊಡಬೇಕಾಗುತ್ತದೆ. ಅದರ ಮೇಲೆ ಹೊಸ ಕ್ಲಬ್ಬಿಗೆ ದುಡ್ಡಿನ ಬಲ. ಹತ್ತಿರದ ಕೆಟರಿಂಗ್ ಟೌನ್‌ನಂಥ ಹಳೆಯ ಕ್ಲಬ್ಬಿನ ಅಭಿಮಾನಿಗಳಿಗೆ ರಶ್‌ಡನ್ ಎಂದರೆ ಕೊಂಡುಕೊಂಡ ಕ್ಲಬ್ಬು, ಬೇರಿಲ್ಲದ ಕ್ಲಬ್ಬು. ನನ್ನ ಪ್ರಕಾರ ಆ ಮಾತಿನಲ್ಲಿ ಅರ್ಧ ಅಸೂಯೆಯಿತ್ತು, ಅರ್ಧ ನ್ಯಾಯವೂ ಇತ್ತು. ಬೇರು ಇಲ್ಲ ಎನ್ನುವುದು ಸರಿಯಲ್ಲ: ಎರಡು ಊರುಗಳ ಹಳೆಯ ಕ್ಲಬ್ಬುಗಳೇ ಅದರ ಬೇರು. ಆದರೆ ಆ ಬೇರು ಎಷ್ಟು ಎತ್ತರದ ಮರವನ್ನು ತಾಳುತ್ತದೆ ಎಂದು ಆಗ ಯಾರೂ ಕೇಳಲಿಲ್ಲ.

ಏರಿದ ವೇಗ ನೋಡಿ. 1992ರಲ್ಲಿ ಏಳನೇ ಹಂತದಲ್ಲಿ, ಕೆಲವು ನೂರು ಜನರ ಮುಂದೆ ಆಟ ಶುರು. 1994ರಲ್ಲಿ ಆರನೇ ಹಂತ. 1996ರಲ್ಲಿ ಸದರ್ನ್ ಲೀಗಿನ ಮೇಲಿನ ವಿಭಾಗವನ್ನೂ ಗೆದ್ದು ಕಾನ್ಫರೆನ್ಸಿಗೆ. ಈ ಎರಡೂ ಬಡ್ತಿ ಬಂದಾಗ ಮ್ಯಾನೇಜರ್ ಆಗಿದ್ದವರು ರಾಜರ್ ಆಶ್ಬಿ. ಅತ್ತ ನೆನ್ ಪಾರ್ಕಿನಲ್ಲಿ ಒಂದಾದ ಮೇಲೊಂದು ಸ್ಟ್ಯಾಂಡು ಏಳುತ್ತಿತ್ತು. ನಾಲ್ಕೂ ಕಡೆ ಚಾವಣಿ, ಸಭೆ-ಸಮಾರಂಭಕ್ಕೆ ಸಭಾಂಗಣಗಳು, ಊಟದ ಜಾಗ, ಡಾ. ಮಾರ್ಟೆನ್ಸ್ ಬೂಟಿನದೇ ಅಂಗಡಿ. ಕೊನೆಗೆ ಅದರ ಸಾಮರ್ಥ್ಯ 6,441. ತಂಡ ನಾನ್-ಲೀಗಿನಲ್ಲಿದ್ದಾಗಲೇ ಸ್ಟೇಡಿಯಂ ಲೀಗಿನ ಅಳತೆ ದಾಟಿತ್ತು. ಕಿಡರ್‌ಮಿನ್‌ಸ್ಟರ್, ಮ್ಯಾಕಲ್ಸ್‌ಫೀಲ್ಡ್‌ಗಳ ಗತಿ ತಮಗೆ ಬರಬಾರದು ಎಂಬುದು ಲೆಕ್ಕ. ಆ ಲೆಕ್ಕ ತಪ್ಪಿರಲಿಲ್ಲ. ಆದರೆ ಒಂದು ಹೋಲಿಕೆ ಮಾಡಿ: ಇರ್ತ್ಲಿಂಗ್‌ಬರೊದ ಪ್ರತಿ ಹತ್ತು ಜನರಲ್ಲಿ ಏಳು ಮಂದಿ, ಹಸುಳೆ-ಮುದುಕರೂ ಸೇರಿ, ಬಂದು ಕೂತರೆ ಮಾತ್ರ ಆ ಸ್ಟೇಡಿಯಂ ತುಂಬುತ್ತಿತ್ತು.

ಬೂಟಿನ ಹೆಸರು ಆಗ ಫುಟ್‌ಬಾಲಿನಲ್ಲಿ ಎಲ್ಲೆಲ್ಲೂ ಕಾಣುತ್ತಿತ್ತು. ಸದರ್ನ್ ಲೀಗಿಗೇ ಕೆಲವು ವರ್ಷ ಡಾ. ಮಾರ್ಟೆನ್ಸ್ ಲೀಗ್ ಎಂದು ಪ್ರಾಯೋಜಕರ ಹೆಸರಿತ್ತು. ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್‌ನ ಅಂಗಿಯ ಎದೆಯ ಮೇಲೆ 1998ರಿಂದ 2003ರವರೆಗೆ ಇದ್ದದ್ದೂ ಅದೇ ಹೆಸರು.

1997ರಲ್ಲಿ ಬ್ರಯಾನ್ ಟಾಲ್ಬಟ್ ಮ್ಯಾನೇಜರಾದರು. 1978ರಲ್ಲಿ ಇಪ್ಸ್‌ವಿಚ್ ಪರ, ಮರುವರ್ಷ ಆರ್ಸೆನಲ್ ಪರ, ಹೀಗೆ ಬೇರೆ ಬೇರೆ ಕ್ಲಬ್ಬುಗಳಿಗೆ ಸತತ ಎರಡು ವರ್ಷ ಎಫ್‌ಎ ಕಪ್ ಗೆದ್ದ ಆಟಗಾರ ಅವರು. ಅದೇ ಎಫ್‌ಎ ಕಪ್ ರಶ್‌ಡನ್‌ಗೆ ದೇಶದಲ್ಲೆಲ್ಲ ಹೆಸರು ತಂದುಕೊಟ್ಟಿತು. ಈ ಕಪ್ಪಿನಲ್ಲಿ ಸಣ್ಣವರು, ದೊಡ್ಡವರು ಎಲ್ಲರೂ ಆಡುತ್ತಾರೆ. ದೊಡ್ಡ ಕ್ಲಬ್ಬುಗಳು ಸೇರಿಕೊಳ್ಳುವುದು ಮೂರನೇ ಸುತ್ತಿನಲ್ಲಿ, ಅದೂ ಚೀಟಿ ಎತ್ತಿ ಜೋಡಿ ಮಾಡುವುದರಿಂದ ಯಾರಿಗೆ ಯಾರು ಎದುರಾಗುತ್ತಾರೋ ಹೇಳಲಾಗದು. 1999ರ ಜನವರಿ 2ರಂದು ರಶ್‌ಡನ್ ಎದುರು ನಿಂತದ್ದು ಲೀಡ್ಸ್ ಯುನೈಟೆಡ್, ಆ ವರ್ಷ ಪ್ರೀಮಿಯರ್ ಲೀಗಿನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡ. ನೆನ್ ಪಾರ್ಕಿಗೆ 6,431 ಜನ ಬಂದರು. ಆ ಮೈದಾನದ ಮಟ್ಟಿಗೆ ಅದೇ ದಾಖಲೆಯಾಗಿ ಉಳಿಯಿತು, ತುಂಬಲು ಇನ್ನು ಹತ್ತು ಜನ ಮಾತ್ರ ಬೇಕಿತ್ತು. ಪಂದ್ಯ 0–0. ಲೀಡ್ಸಿನ ಮೈದಾನದಲ್ಲಿ ನಡೆದ ಮರುಪಂದ್ಯದಲ್ಲಿ 3–1ರಿಂದ ಸೋತರು, ಸೋಲಿನ ಬಗ್ಗೆ ಯಾರಿಗೂ ಬೇಸರವಿದ್ದಂತಿರಲಿಲ್ಲ.

ಲೀಗಿನ ಬಾಗಿಲು ಮಾತ್ರ ಇನ್ನೂ ತೆರೆದಿರಲಿಲ್ಲ. ಕಾನ್ಫರೆನ್ಸಿನಲ್ಲಿ ಎರಡು ಸಲ ನಾಲ್ಕನೇ ಸ್ಥಾನ, 2000ರಲ್ಲಿ ಕಿಡರ್‌ಮಿನ್‌ಸ್ಟರ್ ಹಿಂದೆ ಎರಡನೇ ಸ್ಥಾನ. ಆಗ ಬಡ್ತಿ ಒಬ್ಬರಿಗೇ, ಎರಡನೆಯವರಿಗೆ ಏನೂ ಇಲ್ಲ. ಆಟಗಾರರಿಗೆ ಪೂರ್ಣಾವಧಿ ಸಂಬಳ, ನಾನ್-ಲೀಗಿನ ಬೇರೆ ಕ್ಲಬ್ಬುಗಳು ಕನಸಲ್ಲೂ ಕೊಡಲಾಗದ ವರ್ಗಾವಣೆ ಮೊತ್ತ, ಹೀಗೆ ಖರ್ಚು ಏರುತ್ತಲೇ ಇತ್ತು. ಕೊನೆಗೆ 2001ರಲ್ಲಿ ಯೋವಿಲ್ ಟೌನ್ ಅನ್ನು ಹಿಂದೆ ಹಾಕಿ ಕಾನ್ಫರೆನ್ಸ್ ಗೆದ್ದರು. ಹುಟ್ಟಿ ಒಂಬತ್ತು ವರ್ಷಕ್ಕೆ 92 ಕ್ಲಬ್ಬುಗಳ ಪಟ್ಟಿಯಲ್ಲಿ ಹೆಸರು ಸೇರಿತು.

ಮೊದಲ ವರ್ಷವೇ ಆರನೇ ಸ್ಥಾನ, ಪ್ಲೇಆಫ್ (ಬಡ್ತಿಯ ಉಳಿದ ಒಂದು ಸ್ಥಾನಕ್ಕಾಗಿ ನಡೆಯುವ ಪಂದ್ಯಗಳು), ಫೈನಲ್. ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮನ್ನು ಹೊಸದಾಗಿ ಕಟ್ಟಲೆಂದು ಮುಚ್ಚಿದ್ದರಿಂದ ಫೈನಲ್ ನಡೆದದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. 2002ರ ಮೇನಲ್ಲಿ ಅಲ್ಲಿ ಚೆಲ್ಟನಮ್ ಟೌನ್ ಮೊದಲು ಗೋಲು ಹೊಡೆಯಿತು. ಸೆಂಟರಿನಿಂದ ಆಟ ಮರುಶುರುವಾದದ್ದೇ ತಡ, ಜಮೈಕಾ ಪರ 1998ರ ವಿಶ್ವಕಪ್ ಆಡಿದ್ದ ಪಾಲ್ ಹಾಲ್ ಸಮ ಮಾಡಿಬಿಟ್ಟರು. ಚೆಲ್ಟನಮ್ ಅಭಿಮಾನಿಗಳು ಕುಣಿದು ಕೂರುವಷ್ಟರಲ್ಲಿ ಅಂಕ 1–1. ಆದರೂ ಕೊನೆಗೆ 3–1ರಿಂದ ಸೋತರು. ಮರುವರ್ಷ ಪ್ಲೇಆಫ್‌ನ ಗೊಡವೆಯೇ ಬೇಡ ಎಂಬಂತೆ ನೇರ ಪಟ್ಟ ಗೆದ್ದರು. ಆ ಹಾರ್ಟ್ಲ್‌ಪೂಲ್ ಪಂದ್ಯ ನಡೆದದ್ದು ಆಗಲೇ.

ಈಗ ದುಡ್ಡಿನ ಕಡೆ ತಿರುಗೋಣ, ಏಕೆಂದರೆ ಇಲ್ಲಿಂದ ಮುಂದೆ ಆಟದ ಮೈದಾನದಲ್ಲಿ ನಡೆದದ್ದೆಲ್ಲ ಅದರ ನೆರಳು.

ಸಣ್ಣ ಕ್ಲಬ್ಬಿಗೆ ಆದಾಯ ಬರುವುದು ನಾಲ್ಕು ಕಡೆಯಿಂದ: ಟಿಕೆಟ್ಟು, ಪ್ರಾಯೋಜಕರು, ಬಾರ್-ಸಭಾಂಗಣಗಳ ಬಾಡಿಗೆ ಮತ್ತು ಲೀಗಿನಿಂದ ಹಂಚಿಕೆಯಾಗುವ ಟಿವಿ ದುಡ್ಡು. ಇದರಲ್ಲಿ ಟಿವಿ ದುಡ್ಡು ನಾಲ್ಕನೇ ಹಂತದಿಂದ ಐದನೇ ಹಂತಕ್ಕೆ ಬಿದ್ದ ಕೂಡಲೇ ಬಹುಪಾಲು ಮಾಯವಾಗುತ್ತದೆ. ಮೇಲೆ ಇದ್ದಾಗಲೂ ಅದನ್ನು ನಂಬುವಂತಿರಲಿಲ್ಲ. ರಶ್‌ಡನ್ ಲೀಗಿಗೆ ಬಂದ ಮೊದಲ ಸೀಸನ್ನಿನಲ್ಲೇ, 2002ರಲ್ಲಿ, ಐಟಿವಿ ಡಿಜಿಟಲ್ ಎಂಬ ಪ್ರಸಾರ ಕಂಪನಿ ಮುಳುಗಿತು. ಅದು ಫುಟ್‌ಬಾಲ್ ಲೀಗಿಗೆ ಕೊಡಬೇಕಿದ್ದ 17.85 ಕೋಟಿ ಪೌಂಡ್ ಕೈಗೆ ಬರಲಿಲ್ಲ. ಆ ದುಡ್ಡನ್ನು ನಂಬಿ ಆಟಗಾರರಿಗೆ ಒಪ್ಪಂದ ಬರೆದುಕೊಟ್ಟಿದ್ದ ಹತ್ತಾರು ಕ್ಲಬ್ಬುಗಳು ಒದ್ದಾಡಿದವು. ರಶ್‌ಡನ್‌ಗೆ ಆಗ ಅಷ್ಟಾಗಿ ತಟ್ಟಲಿಲ್ಲ. ಅದು ನಂಬಿದ್ದು ಟಿವಿಯನ್ನಲ್ಲ, ಬೂಟನ್ನು.

ಬೂಟು ಕೈಕೊಟ್ಟದ್ದು ಅಲ್ಲಿಂದ ಕೆಲವೇ ತಿಂಗಳಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಹುಡುಗ ಹುಡುಗಿಯರು ಭಾರದ ಬೂಟು ಬಿಟ್ಟು ಹಗುರದ ಸ್ಪೋರ್ಟ್ಸ್ ಶೂಗಳತ್ತ ಹೊರಳಿದ್ದರು. ಇಂಗ್ಲೆಂಡಿನ ಕೂಲಿಯಲ್ಲಿ ಹೊಲಿದ ಬೂಟು ಆ ಮಾರಾಟಕ್ಕೆ ತಾಳಲಿಲ್ಲ. ಕಂಪನಿ ದಿವಾಳಿಯ ಅಂಚಿಗೆ ಬಂತು, ಕಾರ್ಖಾನೆ ಮುಚ್ಚಿತು, ತಯಾರಿಕೆ ಏಷ್ಯಾಕ್ಕೆ ಹೋಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸ ಕಳೆದುಕೊಂಡವರಲ್ಲೂ ಶನಿವಾರ ಟಿಕೆಟ್ಟು ಕೊಂಡು ಸ್ಟ್ಯಾಂಡಿನಲ್ಲಿ ಕೂರುತ್ತಿದ್ದವರು ಇದ್ದೇ ಇದ್ದರು. ಅಂದರೆ ಕ್ಲಬ್ಬಿನ ಪೋಷಕನ ಜೇಬೂ ನೋಡುಗರ ಜೇಬೂ ಒಂದೇ ಏಟಿಗೆ ಖಾಲಿಯಾದವು. ಬೇರೆ ವ್ಯಾಪಾರದ ಧಣಿಯೊಬ್ಬ ಸಾಕಿದ್ದರೆ ಹೀಗಾಗುತ್ತಿರಲಿಲ್ಲ. ಊರಿನ ಕಸುಬಿನಿಂದಲೇ ಬಂದ ದುಡ್ಡು ಎಂಬ ಹೆಮ್ಮೆ ಇತ್ತಲ್ಲ, ಅಪಾಯವೂ ಅದರಲ್ಲೇ ಇತ್ತು.

ಮೂರನೇ ಹಂತದಲ್ಲಿ ಒಂದೇ ವರ್ಷ. 2004ರ ಮಾರ್ಚಿನಲ್ಲಿ ಟಾಲ್ಬಟ್ ಓಲ್ಡಮ್ ಅಥ್ಲೆಟಿಕ್‌ಗೆ ಹೊರಟರು. ತಂಡ 22ನೇ ಸ್ಥಾನದಲ್ಲಿ ಮುಗಿಸಿ ಹಿಂಬಡ್ತಿ ಪಡೆಯಿತು. ಖರ್ಚು ಕಡಿಮೆ ಮಾಡಲು ಆಟಗಾರರನ್ನು ಬಿಟ್ಟರು, ಬಿಟ್ಟಷ್ಟೂ ಸೋತರು, ಸೋತಷ್ಟೂ ಜನ ಕಡಿಮೆಯಾದರು. 2005ರಲ್ಲಿ ಗ್ರಿಗ್ಸ್ ಕ್ಲಬ್ಬನ್ನು ಹೆಸರಿಗೊಂದು ಬೆಲೆಗೆ ಅಭಿಮಾನಿಗಳ ಟ್ರಸ್ಟಿಗೆ ವಹಿಸಿಕೊಟ್ಟರು.

ಈ ಘಳಿಗೆಯನ್ನು ನಿಧಾನವಾಗಿ ನೋಡಬೇಕು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಭಿಮಾನಿಗಳ ಟ್ರಸ್ಟು ಎಂದರೆ ದೊಡ್ಡ ಭರವಸೆ. 2002ರಲ್ಲಿ ವಿಂಬಲ್ಡನ್ ಅಭಿಮಾನಿಗಳು ತಮ್ಮದೇ ಕ್ಲಬ್ಬು ಕಟ್ಟಿದ್ದರು. 2003ರಲ್ಲಿ ಎಕ್ಸಟರ್ ಸಿಟಿ ಅಭಿಮಾನಿಗಳ ಕೈಗೆ ಬಂದಿತ್ತು. ಅವೆರಡೂ ಈಗಲೂ ನಡೆಯುತ್ತಿವೆ. ರಶ್‌ಡನ್ ಟ್ರಸ್ಟಿಗೆ ಸಿಕ್ಕಿದ್ದು, ನೋಡಿದರೆ, ಅವರಿಗಿಂತ ಒಳ್ಳೆಯ ಆರಂಭ: ಲೀಗಿನಲ್ಲಿ ಸ್ಥಾನ, ಒಳ್ಳೆಯ ಸ್ಟೇಡಿಯಂ. ಆದರೆ ಆನೆಯನ್ನು ದಾನ ಕೊಟ್ಟವರು ಅದರ ಮೇವನ್ನೂ ಕೊಡುತ್ತಾರೆಯೇ? ಹುಲ್ಲುಹಾಸು, ದೀಪ, ವಿಮೆ, ತೆರಿಗೆ, ಸ್ಟ್ಯಾಂಡುಗಳ ರಿಪೇರಿ, ಪಂದ್ಯದ ದಿನದ ಭದ್ರತೆ: ಇವು ತಂಡ ಯಾವ ಹಂತದಲ್ಲಿದೆ ಎಂದು ನೋಡಿ ಕಡಿಮೆಯಾಗುವ ಖರ್ಚುಗಳಲ್ಲ. ಆಟಗಾರರನ್ನು ಅಗ್ಗದವರನ್ನು ತರಬಹುದು, ಸ್ಟೇಡಿಯಮ್ಮನ್ನು ಅರ್ಧಕ್ಕೆ ಕತ್ತರಿಸಲಾಗದು. ವಿಂಬಲ್ಡನ್ನಿನವರು ಏನೂ ಇಲ್ಲದೆ ಒಂಬತ್ತನೇ ಹಂತದಿಂದ ಶುರು ಮಾಡಿ ತಮ್ಮ ಆದಾಯಕ್ಕೆ ತಕ್ಕ ಹಾಗೆ ಬೆಳೆದರು. ರಶ್‌ಡನ್‌ನವರು ಇನ್ನೊಬ್ಬರ ಆದಾಯಕ್ಕೆ ಹೊಲಿದ ಅಂಗಿಯೊಳಗೆ ಬದುಕಬೇಕಿತ್ತು.

ಮರುವರ್ಷವೇ, 2006ರಲ್ಲಿ, ತಂಡ ನಾಲ್ಕನೇ ಹಂತದ ಕೊನೆಯ ಸ್ಥಾನಕ್ಕಿಳಿದು ಲೀಗಿನಿಂದ ಹೊರಬಿತ್ತು. ಐದು ಸೀಸನ್‌ಗಳ ಲೀಗ್ ಬದುಕು ಮುಗಿಯಿತು. ಟ್ರಸ್ಟು ಕ್ಲಬ್ಬನ್ನು ಉದ್ಯಮಿ ಕೀತ್ ಕಸಿನ್ಸ್‌ಗೆ ಒಪ್ಪಿಸಿತು. ಹಿಂದೆ ಮೂರು-ನಾಲ್ಕು ಸಾವಿರ ಜನ ಬರುತ್ತಿದ್ದ ಮೈದಾನಕ್ಕೆ ಈಗ ಸಾವಿರದ ಆಸುಪಾಸು. ಸುತ್ತ ನೋಡಿದರೆ ಪೈಪೋಟಿಯೂ ಇತ್ತು: ಒಂದು ಕಡೆ ನಾರ್ಥಾಂಪ್ಟನ್ ಟೌನ್, ಇನ್ನೊಂದು ಕಡೆ ಪೀಟರ್‌ಬರೊ, ಮಗ್ಗುಲಲ್ಲೇ ಕೆಟರಿಂಗ್. ದೂರದಿಂದ ಜನ ಬರಲು ಕಾರಣವೇ ಇರಲಿಲ್ಲ.

ಆಟದಲ್ಲಿ ಇದ್ದಕ್ಕಿದ್ದಂತೆ ಒಮ್ಮೆ ಚೇತರಿಕೆ ಕಂಡಿತು. ಟಾಟನಮ್‌ನಲ್ಲಿ ಆಡಿ ಹೆಸರು ಮಾಡಿದ್ದ ಜಸ್ಟಿನ್ ಎಡಿನ್‌ಬರೊ ಮ್ಯಾನೇಜರಾಗಿ ಬಂದು, 2010ರಲ್ಲಿ ತಂಡವನ್ನು ಕಾನ್ಫರೆನ್ಸಿನ ನಾಲ್ಕನೇ ಸ್ಥಾನಕ್ಕೂ ಪ್ಲೇಆಫ್‌ಗೂ ಒಯ್ದರು. ಆಕ್ಸ್‌ಫರ್ಡ್ ಯುನೈಟೆಡ್ ಎದುರು ಸೋತರು. ಆ ವರ್ಷ ಬಡ್ತಿ ಪಡೆದ ಆಕ್ಸ್‌ಫರ್ಡ್ ಮುಂದೆ ಎರಡನೇ ಹಂತದವರೆಗೂ ಹೋಯಿತು. ಆ ಎರಡು ಪಂದ್ಯ ಬೇರೆ ರೀತಿ ಮುಗಿದಿದ್ದರೆ ರಶ್‌ಡನ್ ಬದುಕುತ್ತಿತ್ತೇ ಎಂದು ಅಭಿಮಾನಿಗಳು ಕೇಳಿಕೊಳ್ಳುವುದು ಸಹಜ. ನನಗೆ ಅನುಮಾನ. ಟಿವಿ ದುಡ್ಡು ಒಂದೆರಡು ವರ್ಷ ಉಸಿರಾಡಿಸುತ್ತಿತ್ತು, ಸ್ಟೇಡಿಯಮ್ಮಿನ ತೂಕ ಹಾಗೇ ಇರುತ್ತಿತ್ತು.

2011ರ ಬೇಸಿಗೆಯಲ್ಲಿ ಎಲ್ಲ ಮುಗಿಯಿತು. ಕಾನ್ಫರೆನ್ಸಿನ ಕ್ಲಬ್ಬುಗಳು ಪ್ರತಿ ವರ್ಷ ಸೀಸನ್ ಶುರುವಾಗುವ ಮುಂಚೆ, ಮುಂದಿನ ವರ್ಷದ ಪಂದ್ಯಗಳನ್ನೆಲ್ಲ ಆಡಿ ಮುಗಿಸುವ ಶಕ್ತಿ ತಮಗಿದೆ ಎಂದು ತೋರಿಸಬೇಕು. ನಡುವೆ ಒಂದು ಕ್ಲಬ್ಬು ಕಳಚಿಬಿದ್ದರೆ ಎಲ್ಲರ ಅಂಕಪಟ್ಟಿಯೂ ಕೆಡುತ್ತದೆ. 1992ರ ಮಾರ್ಚಿನಲ್ಲಿ ನಾಲ್ಕನೇ ಹಂತದ ಆಲ್ಡರ್‌ಶಾಟ್ ಕ್ಲಬ್ಬು ಸೀಸನ್ನಿನ ಮಧ್ಯದಲ್ಲೇ ಮುಚ್ಚಿದಾಗ ಅದರ ಫಲಿತಾಂಶಗಳನ್ನೆಲ್ಲ ಅಳಿಸಬೇಕಾಗಿ ಬಂದಿತ್ತು. ರಶ್‌ಡನ್‌ನ ಬಾಕಿಗಳನ್ನು ನೋಡಿ ಲೀಗಿಗೆ ನಂಬಿಕೆ ಬರಲಿಲ್ಲ. ಜೂನ್‌ನಲ್ಲಿ ಅದನ್ನು ಹೊರಗೆ ಹಾಕಿದರು. ಹಿಂಬಡ್ತಿ ಪಡೆದಿದ್ದ ಸೌತ್‌ಪೋರ್ಟ್‌ಗೆ ಆ ಜಾಗ ಸಿಕ್ಕಿತು. ಜುಲೈನಲ್ಲಿ ಕ್ಲಬ್ಬು, ಸಾಲದಲ್ಲಿ ಮುಳುಗಿದ ಸಂಸ್ಥೆಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಮತ್ತೆ ಮೈದಾನಕ್ಕಿಳಿಯಲಿಲ್ಲ. ಗಮನಿಸಬೇಕಾದದ್ದು: ಆ ವರ್ಷ ತಂಡ ಆಟದ ಬಲದಲ್ಲಿ ಹಿಂಬಡ್ತಿ ಪಡೆದಿರಲಿಲ್ಲ.

ಕ್ಲಬ್ಬು ಸತ್ತರೂ ಸ್ಟೇಡಿಯಂ ಉಳಿದಿತ್ತು. ಅದಕ್ಕೆ ಬಾಡಿಗೆದಾರರಾಗಿ ಬಂದವರು ಯಾರು ಗೊತ್ತೇ? ಹಳೆಯ ಎದುರಾಳಿ ಕೆಟರಿಂಗ್ ಟೌನ್. ನೂರಕ್ಕೂ ಹೆಚ್ಚು ವರ್ಷ ಆಡಿದ್ದ ರಾಕಿಂಗಮ್ ರೋಡ್ ಮೈದಾನ ಬಿಟ್ಟು 2011ರಲ್ಲೇ ನೆನ್ ಪಾರ್ಕಿಗೆ ಬಂದರು. ರಶ್‌ಡನ್‌ನವರಿಗೆ ಅದು ಗಾಯದ ಮೇಲೆ ಬರೆ. ಕೆಟರಿಂಗ್ ಅಭಿಮಾನಿಗಳಿಗೂ ಇದು ಇಷ್ಟವಿರಲಿಲ್ಲ. ಆನೆಯ ಮೇವಿನ ಲೆಕ್ಕ ಅವರಿಗೂ ತಪ್ಪಲಿಲ್ಲ: ಬಿಲ್ಲು ಕಟ್ಟದ್ದಕ್ಕೆ ಸ್ಟೇಡಿಯಮ್ಮಿನ ಕರೆಂಟೇ ಹೋಯಿತು, 2012ರ ಕೊನೆಗೆ ಕೆಟರಿಂಗ್ ಅಲ್ಲಿಂದ ಕಾಲು ಕಿತ್ತಿತು, ತಾನೇ ಮುಳುಗುವ ಹಂತಕ್ಕೆ ಬಂದು ಹೇಗೋ ಉಳಿಯಿತು. ಒಂದೇ ಸ್ಟೇಡಿಯಂ ಎರಡು ಕ್ಲಬ್ಬುಗಳನ್ನು ನೆಲಕ್ಕೆ ಕೆಡವಿದ ಮೇಲೂ ತಪ್ಪೆಲ್ಲ ಒಬ್ಬ ಧಣಿಯದು, ಒಬ್ಬ ಮ್ಯಾನೇಜರಿನದು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. 2017ರಲ್ಲಿ ನೆನ್ ಪಾರ್ಕ್ ಕೆಡವಲಾಯಿತು.

ಬೂಟಿನ ಕಂಪನಿ ಮಾತ್ರ ಎದ್ದು ನಿಂತಿತು. 2007ರಲ್ಲಿ ವೊಲಸ್ಟನ್ನಿನಲ್ಲಿ ಸಣ್ಣ ಪ್ರಮಾಣದಲ್ಲಿ ಹಳೆಯ ಮಾದರಿಯ ಬೂಟು ಹೊಲಿಯುವುದು ಮತ್ತೆ ಶುರುವಾಯಿತು. 2013ರಲ್ಲಿ ಗ್ರಿಗ್ಸ್ ಮನೆತನ ಕಂಪನಿಯನ್ನು 30 ಕೋಟಿ ಪೌಂಡಿಗೆ ಪರ್ಮಿರಾ ಎಂಬ ಹೂಡಿಕೆ ಸಂಸ್ಥೆಗೆ ಮಾರಲು ಒಪ್ಪಿತು. 2021ರ ಜನವರಿಯಲ್ಲಿ ಅದು ಲಂಡನ್ ಷೇರುಪೇಟೆಗೆ ಬಂದಾಗ ಬೆಲೆ ಸುಮಾರು 370 ಕೋಟಿ ಪೌಂಡ್. ಫ್ಯಾಷನ್ ಮರಳಿ ಬರುವಷ್ಟು ಕಾಲ ಕಾಯಲು ಕಂಪನಿಗೆ ಸಾಧ್ಯವಾಯಿತು. ಪ್ರತಿ ಆಗಸ್ಟಿನಲ್ಲೂ ಹೊಸ ಸೀಸನ್ ಎದುರಿಸಬೇಕಾದ ಕ್ಲಬ್ಬಿಗೆ ಅಂಥ ಸಮಯ ಸಿಗುವುದಿಲ್ಲ.

ಅಭಿಮಾನಿಗಳೂ ಸುಮ್ಮನೆ ಕೂರಲಿಲ್ಲ. 2011ರಲ್ಲೇ ಎಎಫ್‌ಸಿ ರಶ್‌ಡನ್ ಅಂಡ್ ಡೈಮಂಡ್ಸ್ ಎಂಬ ಹೊಸ ಕ್ಲಬ್ಬು ಹುಟ್ಟಿತು. ಮೊದಲ ವರ್ಷ ಹದಿಹರೆಯದ ಹುಡುಗರ ತಂಡ ಮಾತ್ರ. 2012ರಲ್ಲಿ ಹಿರಿಯರ ತಂಡ ಯುನೈಟೆಡ್ ಕೌಂಟೀಸ್ ಲೀಗಿಗೆ ಸೇರಿ, ವೆಲಿಂಗ್‌ಬರೊದ ‘ಡಾಗ್ ಅಂಡ್ ಡಕ್’ ಎಂಬ ಮೈದಾನವನ್ನು ಹಂಚಿಕೊಂಡು ಆಡಿತು. 2017ರಲ್ಲಿ ರಶ್‌ಡನ್ ಊರೊಳಗಿನ ಹೇಡನ್ ರೋಡಿಗೆ ಬಂತು. 1992ರಲ್ಲಿ ಅಳತೆಗೆ ಸಾಲದು ಎನಿಸಿಕೊಂಡಿದ್ದ ಮೈದಾನ ಅದೇ.

ಇಂಥ ಸಾವುಗಳನ್ನು ತಡೆಯಲು ಬ್ರಿಟನ್ನಿನ ಸರಕಾರ ಕೈಹಾಕಿದ್ದು ತೀರಾ ಈಚೆಗೆ. 2019ರಲ್ಲಿ 1885ರಷ್ಟು ಹಳೆಯ ‘ಬರಿ’ (Bury) ಎಂಬ ಊರಿನ ಕ್ಲಬ್ಬನ್ನು ಲೀಗಿನಿಂದ ಹೊರಹಾಕಿದಾಗ ಎದ್ದ ಗದ್ದಲ ದೊಡ್ಡದು. ಅದಾದ ಮೇಲೆ ಟ್ರೇಸಿ ಕ್ರೌಚ್ ನೇತೃತ್ವದ ಸಮಿತಿ 2021ರಲ್ಲಿ ವರದಿ ಕೊಟ್ಟಿತು, 2025ರಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು. ಅದರಂತೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದು ಮೇಲಿನ ಐದು ಹಂತದ ಕ್ಲಬ್ಬುಗಳಿಗೆ ಪರವಾನಗಿ ಕೊಡುತ್ತದೆ, ಹಣಕಾಸಿನ ಯೋಜನೆ ಕೇಳುತ್ತದೆ, ಒಡೆಯನಾಗಲು ಬಂದವನನ್ನು ತಪಾಸಣೆ ಮಾಡುತ್ತದೆ. ಮೈದಾನ ಮಾರುವುದಾದರೂ ಅದರ ಒಪ್ಪಿಗೆ ಬೇಕು. 2005ರಲ್ಲಿ ಇದು ಇದ್ದಿದ್ದರೆ ರಶ್‌ಡನ್ ಟ್ರಸ್ಟಿನ ಕೈಗೆ ಬರುವ ದಿನವೇ ಯಾರೋ ಒಬ್ಬರು ಕೂತು, ಈ ಸ್ಟೇಡಿಯಮ್ಮಿನ ವರ್ಷದ ಖರ್ಚೆಷ್ಟು, ಐದನೇ ಹಂತಕ್ಕೆ ಬಿದ್ದರೆ ಅದನ್ನು ಯಾರು ಕೊಡುತ್ತಾರೆ ಎಂದು ಬರೆದುಕೊಡಲು ಕೇಳುತ್ತಿದ್ದರು. ಉತ್ತರ ಸಿಗುತ್ತಿತ್ತೋ ಇಲ್ಲವೋ, ಪ್ರಶ್ನೆಯನ್ನಂತೂ ಆಗ ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ. ಈಗಿನ ಎಎಫ್‌ಸಿ ರಶ್‌ಡನ್ ಅಂಡ್ ಡೈಮಂಡ್ಸ್ ಐದನೇ ಹಂತಕ್ಕಿಂತ ಕೆಳಗೆ ಆಡುವುದರಿಂದ ಈ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ತನ್ನ ಲೆಕ್ಕಪುಸ್ತಕವನ್ನು ಅದು ತಾನೇ ನೋಡಿಕೊಳ್ಳಬೇಕು.